ಅಕ್ಕೋರು ಹೊಂಟಾರ (ಸಂಪಾದಕೀಯ, ಯುಗಾದಿ ಸಂಚಿಕೆ)

ರಾತ್ರಿ ಹನ್ನೊಂದೂವರಿ ಆಗೇದ, ನಾಳೆ ಬೆಳಿಗ್ಗೆ ಏಳಕ್ಕ ಪ್ರಿಂಟಿಗೆ ಕಳಿಸಬೇಕು, ಈ ಪುಟ ಇನ್ನೂ ಖಾಲಿ ಕುಂತದ. ಹೋದ ಸಂಚಿಕೆ ಓದಿ ಇಬ್ಬರು "ನಿಮ್ಮ ಬಿಜಾಪುರ ಭಾಷೆ ಅರ್ಥ ಆಗಲ್ಲ ಸಾರ್, ಸ್ವಲ್ಪ ನಾರ್ಮಲ್ ಕನ್ನಡದಲ್ಲಿ ಬರೀರಿ" ಅಂತ ಮೆಸೇಜ್ ಹಾಕಿದ್ರು. ಬರೀತಿದ್ದೆ, ಆದ್ರ ಈ ಹೊತ್ತಿನ್ಯಾಗ ನನಗ ಬರೋದು ಇದೊಂದ.

ವಿಷಯ ಏನಪಾ ಅಂದ್ರ, ಇಲ್ಲಿ ಅಮೆರಿಕದಾಗ ನಮ್ಮ ಕನ್ನಡ ಸಂಘದ ಖಜಾಂಚಿ, ಬಾಗಲಕೋಟಿ ಅಕ್ಕಾರು, ಜೂನದಾಗ ಟಾಂಜಾನಿಯಾಕ್ಕ ಹೊಂಟಾರ. ಸಫಾರಿಗೆ ಅಲ್ಲ. ಮೂವತ್ತು ವರ್ಷ ಸಾಫ್ಟ್‌ವೇರ್ ನೌಕರಿ ಮಾಡಿ, ಇಬ್ಬರು ಮಕ್ಕಳ ಕಾಲೇಜ್ ಮುಗಿಸಿ, ಈಗ ಪೀಸ್ ಕೋರ್ (ಬ್ಯಾರೆ ದೇಶಗಳಿಗೆ ಸೇವಾಕ್ಕ ಮಂದಿ ಕಳಿಸೋ ಅಮೆರಿಕ ಸರಕಾರದ ಸಂಸ್ಥೆ) ವಾಲಂಟಿಯರ್ ಆಗಿ ಅಲ್ಲಿ ಹೈಸ್ಕೂಲ್ ಮಕ್ಕಳಿಗೆ ಫಿಸಿಕ್ಸು ಗಣಿತ ಕಲಿಸ್ಲಿಕ್ಕೆ. ಒಟ್ಟು 27 ತಿಂಗಳು. ಮೊದಲ ಮೂರು ತಿಂಗಳು ತರಬೇತಿ, ಅಲ್ಲೀವರ ಮನ್ಯಾಗ ಇದ್ದು ಸ್ವಾಹಿಲಿ ಕಲೀಬೇಕು, ಆಮ್ಯಾಲೆ ಎರಡು ವರ್ಷ ಸಾಲಿ. ಪಗಾರ ಅಂತ ಇಲ್ಲ, ಅಲ್ಲಿ ಊಟಕ್ಕ ಬಟ್ಟಿಗೆ ಆಗೋವಷ್ಟು ಕೊಡ್ತಾರ. ಅಮೆರಿಕದ ಸಿಟಿಜನ್ ಆಗಿರಬೇಕು, 18 ತುಂಬಿರಬೇಕು, ಮ್ಯಾಲಿನ ವಯಸ್ಸಿಗೆ ಲಿಮಿಟ್ ಇಲ್ಲ. ಅಕ್ಕಾರಿಗೆ 58. ಹಲ್ಲಿನ ಎಕ್ಸ್‌ರೇದಿಂದ ಹಿಡದು ಏನೇನೋ ಮೆಡಿಕಲ್ ಕಾಗದ ಕೇಳಿದ್ರಂತ, "ನನ್ನ ಮದಿವಿಗೂ ಇಷ್ಟ ವಿಚಾರಣಿ ಆಗಿದ್ದಿಲ್ಲ" ಅಂದ್ರು.

ಅಂದಂಗ 1961ರಾಗ ಈ ಪೀಸ್ ಕೋರ್ ಶುರು ಆದಾಗ ಮೊಟ್ಟಮೊದಲ ವಾಲಂಟಿಯರ್‌ಗಳು ಹೋಗಿದ್ದು ಘಾನಾಕ್ಕ ಮತ್ತ ಆಗ ಟಾಂಗನ್ಯೀಕಾ ಅಂತಿದ್ದ ಇದೇ ದೇಶಕ್ಕ. ಅಲ್ಲೀ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಅವರೂ ಮೊದಲಿಗೆ ಸಾಲಿ ಮಾಸ್ತರ, ಜನ ಅವರನ್ನ ಕಡೀತನಕ ಕರದದ್ದು "ಮ್ವಾಲಿಮು" ಅಂತ, ಅಂದ್ರ ಮಾಸ್ತರ. ನಮ್ಮ ಕಡೆ ಸಾಲಿ ಕಲಿಸೋ ಹೆಣ್ಣಮಕ್ಕಳಿಗೆ ಅಕ್ಕೋರು ಅಂತಾರಲ್ಲ, ನಮ್ಮ ಅಕ್ಕಾರು ಹಂಗ ನೋಡಿದ್ರ ಅರ್ಧ ಆಗಲೇ ಆಗ್ಯಾರ.

ಹೋದ ಶನಿವಾರ ಕನ್ನಡ ಕ್ಲಾಸ್ ಮುಗದ ಮ್ಯಾಲೆ ಒಬ್ಬ ಎಂಟು ವರ್ಷದವ ಅವರಿಗೆ ನೇರ ಕೇಳಿದ: "ಆಂಟಿ, ಟೀಚ್ ಮಾಡೋದಾದ್ರೆ ನಿಮ್ಮೂರಲ್ಲೇ ಮಾಡ್ಬಹುದಲ್ಲ, ಆಫ್ರಿಕಾ ಯಾಕೆ?" ಅವರವ್ವ ಅವನ ಬಾಯಿ ಮುಚ್ಚೋದರಾಗ ಅಕ್ಕಾರು ನಕ್ಕು, "ನನ್ನ ಸಾಲಿ ನೀರಾಗ ಐತಪಾ" ಅಂದ್ರು. ಹಳೇ ಬಾಗಲಕೋಟ್ಯಾಗ ಒಂದಿಷ್ಟು ಭಾಗ ಆಲಮಟ್ಟಿ ಡ್ಯಾಮಿನ ಹಿನ್ನೀರಾಗ ಮುಳುಗಿದ್ದು, ಮಂದಿ ನವನಗರಕ್ಕ ಹೋಗಿದ್ದು, ಇದೆಲ್ಲ ಆ ಹುಡುಗಗ ಏನ ಗೊತ್ತು. "ಸಬ್‌ಮರೀನ್ ಥರಾನಾ?" ಅಂದ. ಎಲ್ಲಾರೂ ನಕ್ಕೆವು. ನಾನು ಮನಿಗೆ ಬರೋತನಕಾ ಅದನ್ನ ತಲ್ಯಾಗ ಇಟಗೊಂಡು ಬಂದೆ, ಯಾಕಂದ್ರ ಆ ಪ್ರಶ್ನೆ ನಂದೂ ಹೌದು, ನನಗ ಕೇಳೋ ಧೈರ್ಯ ಇದ್ದಿಲ್ಲ ಅಷ್ಟ.

ವಿಜ್ಞಾನ ಕಲಿಸೋದು ಅಂದಕೂಡ್ಲೆ ನನಗ ನೆನಪಾಗೋದು ಗೋಳಗುಮ್ಮಟ. ಎಂಟನೇತ್ತೆ ಇದ್ದಾಗ ನಮ್ಮ ವಿಜ್ಞಾನ ಮಾಸ್ತರು ಒಂದಿನ ಬೆಳಿಗ್ಗೆ ಬಾಗಲಾ ತಗಿಯೋದರಾಗ ನಮ್ಮನ್ನ ಅಲ್ಲಿ ನಿಂದ್ರಿಸಿದ್ರು, ಆಮ್ಯಾಲೆ ಟೂರಿಸ್ಟ್ ಮಂದಿ ಬಂದು ಒದರಲಿಕ್ಕೆ ಶುರು ಮಾಡಿದ್ರ ಏನೂ ಕೇಳ್ಸೂದಿಲ್ಲ ಅಂತ. ಮೂಲಿ ಗೋಪುರದ ಇಕ್ಕಟ್ಟ ಮೆಟ್ಟಲಾ ಹತ್ತಿ ಮ್ಯಾಲೆ ಹೋಗೋದರಾಗ ಅರ್ಧ ಮಂದಿಗೆ ದಮ್ಮು. ಮಾಸ್ತರ ಚೀಲದಾಗ ಒಂದು ಸುತಲಿ ಉಂಡಿ, ಒಂದು ಬೆಂಕಿಪೊಟ್ಟಣ, ಎರಡ ಸಾಮಾನ, ಅದ ನಮ್ಮ ಲ್ಯಾಬ್. ಸುತಲಿಗೆ ಹತ್ತು ಹತ್ತು ಮೀಟರಿಗೆ ಗಂಟ ಹಾಕಿದ್ರು. ಗುಮ್ಮಟದೊಳಗ ಆ ಕಡಿಂದ ಈ ಕಡಿಗೆ ಅಳೀಲಿಕ್ಕೆ ಬರೂದಿಲ್ಲ, ನಡುವ ಬರೇ ಗಾಳಿ, ಕೆಳಗ ಗೋರಿ. ಅದಕ್ಕ ಗೋಡಿ ಗುಂಟ ಸುತ್ತಲೂ ಸುತಲಿ ಹಿಡದು ಅಳಿರಿ ಅಂದ್ರು. 117 ಮೀಟರ್ ಬಂತು. ಏಳರಿಂದ ಗುಣಿಸಿ 22ರಿಂದ ಭಾಗಿಸ್ರಿ ಅಂದ್ರು, ನೆಲದ ಮ್ಯಾಲೆ ಕುಂತು ಮಾಡಿದ್ವಿ, 37 ಮೀಟರ್ ಚಿಲ್ಲರೆ. ಖರೇ ಅಳತಿ 38ರ ಹತ್ತಿರ ಅದ, ಸುತಲಿ ಹಿಡದವರೊಳಗ ನಾನೂ ಒಬ್ಬ, ಆ ಚಿಲ್ಲರೆ ತಪ್ಪು ನಂದ ಇರಬೇಕು. π ಅಂಬೋದು ಪುಸ್ತಕದ ಹೊರಗ ಉಪಯೋಗಕ್ಕ ಬರ್ತದ ಅಂತ ಗೊತ್ತಾಗಿದ್ದು ಅವತ್ತ.

ಆಮ್ಯಾಲೆ ಒಂದ ಚಪ್ಪಾಳಿ ಹೊಡದು ಎಣಿಸ್ರಿ ಅಂದ್ರು. ನಾವು ಬುದ್ಧಿವಂತರು ಬಾಯಿ ಬಿಟ್ಟ ಎಣಿಸಿದ್ವಿ, ನಮ್ಮ ಒಂದು ಎರಡು ಮೂರೂ ತಿರುಗಿ ಬಂದು ಚಪ್ಪಾಳಿ ಯಾವುದು ಲೆಕ್ಕ ಯಾವುದು ತಿಳೀಲಾರದಂಗ ಆತು, ಮಾಸ್ತರು ತಲಿ ಹಿಡಕೊಂಡು ಕುಂತ್ರು. ಎರಡನೇ ಸಲ ಬೆರಳಾಗ ಎಣಿಸಿದ್ವಿ, ಒಬ್ಬ ಏಳು ಅಂದ, ಒಬ್ಬ ಹತ್ತು. ನಿಮ್ಮ ಮನ್ಯಾಗ ಒದರಿದ್ರ ಯಾಕ ಹಿಂಗ ತಿರುಗಿ ಬರೂದಿಲ್ಲ ಅಂತ ಕೇಳಿ ಅವರ ಹೇಳಿದ್ರು: ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡ್ತದ, ಹೋಗಿ ಬರ್ಲಿಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಆದ್ರೂ ಹಿಡೀಬೇಕು ಅಂದ್ರ ಕಿವಿಗೆ ಬ್ಯಾರೆ ಬ್ಯಾರೆ ಕೇಳ್ತದ, ಅದಕ್ಕ ಗೋಡಿ ಕಡಿಮಿ ಅಂದ್ರೂ 17 ಮೀಟರ್ ದೂರ ಇರಬೇಕು, ನಿಮ್ಮ ಪಡಸಾಲಿ ಅಷ್ಟ ಅದ ಏನು? ಕಡೀಕ ನನ್ನ ಒಂದು ಕಡೆ ಗೋಡಿಗೆ ಕಿವಿ ಹಚ್ಚಿ ನಿಂದ್ರಿಸಿ, ಆ ಕಡೆ ಹೋಗಿ ಬೆಂಕಿಕಡ್ಡಿ ಗೀರಿದ್ರು. ಚರ್ ಅಂತ ನನ್ನ ಕಿವ್ಯಾಗ ಗೀರಿದಂಗ ಆತು. "ಗೋಡಿ ಗುಂಟ ಹರದ ಬಂತು ನೋಡು, ಕಾಲುವಿ ನೀರು ಬಂದಂಗ" ಅಂತ ಅವರು ಅಲ್ಲೇ ಪಿಸುಗುಟ್ಟಿದ್ದೂ ಕೇಳ್ತು.

ಇಷ್ಟ ಚೊಲೋ ಕಲ್ತವ ಪಿಯುಸಿ ಸೈನ್ಸಿಗೆ ಹೋಗಿ ಮೊದಲ ಟೆಸ್ಟಿನ್ಯಾಗ 35ಕ್ಕ 9 ತಗೊಂಡೆ. ಪ್ರತಿಧ್ವನಿ ನನಗ ಮನಿ ಮಂದಿಯಷ್ಟ ಗುರ್ತು, ಎಕೋ ಯಾವನೋ ಪರಊರಾವ. ಸಾರಜನಕ ನೈಟ್ರೋಜನ್ ಆಗಿ, ವೇಗ ವೆಲಾಸಿಟಿ ಆಗಿ, ಲೆಕ್ಚರರ್ ಬೋರ್ಡ್ ಅಳಿಸೋದರಾಗ ನಾನಿನ್ನೂ ಮೊದಲ ಸಾಲಿನ ಅರ್ಥ ಹುಡುಕ್ತಿದ್ದೆ. ಇದನ್ನ ಓದೋ ಅರ್ಧ ಮಂದಿಗೆ ಇದು ಹೇಳೋದ ಬ್ಯಾಡ, ನೀವೂ ಅಲ್ಲೇ ಬಿದ್ದು ಎದ್ದವರು.

ಟಾಂಜಾನಿಯಾದಾಗೂ ಹಂಗ ಅದ ಅಂತ. ಸರಕಾರಿ ಸಾಲ್ಯಾಗ ಪ್ರೈಮರಿ ಪೂರಾ ಸ್ವಾಹಿಲಿ, ಹೈಸ್ಕೂಲಿಗೆ ಕಾಲಿಟ್ಟಕೂಡ್ಲೆ ಎಲ್ಲಾ ಇಂಗ್ಲಿಷ್. ನಿನ್ನೆತನಕ "ಸೌತಿ" ಅಂತಿದ್ದ ಮಗುಗ ಇವತ್ತಿಂದ ಅದು ಸೌಂಡ್. ಅಕ್ಕಾರು ಅರ್ಜಿ ಹಾಕಿದ್ದು ಇದನ್ನ ಓದಿ. "ಕ್ಯಾಲ್ಕುಲಸ್ ಕಲಸಾಕ ನನಕಿಂತ ಶಾಣ್ಯಾರು ಸಿಗ್ತಾರ, ಈ ಮೆಟ್ಟಲ ಎಡವಿ ಬಿದ್ದಾರು ಎಷ್ಟ ಮಂದಿ ಬರ್ತಾರ?" ಅಂತಾರ. ಸ್ವಾಹಿಲಿ ಆಗಲೇ ಫೋನಿನ್ಯಾಗ ಶುರು ಆಗೇದ. ಚಾಯ್ ಅಂದ್ರ ಚಾಯ್, ಚಪಾತಿ ಅಂದ್ರ ಚಪಾತಿ, ಅಂಗಡಿಗೆ ದುಕಾ, ವಾಹನಕ್ಕ ಗಾರಿ, "ನಮ್ಮವ್ವ ಮಾತಾಡಿದಂಗ ಐತಿ" ಅಂತ ಖುಷಿ. ಜೋಳಾನೂ ಮೂಲಕ್ಕ ಆಫ್ರಿಕಾದ ಬೆಳಿ, ಅಲ್ಲಿ ಮ್ತಾಮಾ ಅಂತಾರ, ಹಂಗಾಗಿ ರೊಟ್ಟಿ ಚಿಂತಿ ಇಲ್ಲ ಅಂತ ಹಂಚು ಪ್ಯಾಕ್ ಮಾಡ್ಯಾರ.

ಆ ಹುಡುಗನ ಪ್ರಶ್ನೆಗೆ ಉತ್ತರಾ ನನಗ ಸಿಕ್ಕಿದ್ದು ಸಭಾಭವನದ ಅಡಗಿಮನ್ಯಾಗ, ಅಕ್ಕಾರು ನಾನು ಇಬ್ಬರೂ ಪಾತ್ರಿ ತೊಳಿಯೋ ಮುಂದ. ಮೂರು ವರ್ಷದ ಹಿಂದ ರಜಾ ಹಾಕಿ ಒಂದು ಸೂಟ್‌ಕೇಸ್ ತುಂಬ ಸೈನ್ಸ್ ಕಿಟ್ ತಗೊಂಡು ನಮ್ಮ ಕಡೆ ಒಂದು ಹಳ್ಳಿ ಸಾಲಿಗೆ ಹೋಗಿದ್ರಂತ, ಮೂರು ವಾರ. ಹಾರ ಹಾಕಿ, ಶಾಲು ಹೊಚ್ಚಿ, ಫೋಟೋ ತಗದು, ಸುಸಲಾ ಶಿರಾ ಕೊಟ್ಟು ಕಳಿಸಿದ್ರು. ಕಿಟ್ ಸ್ಟಾಕ್ ರಿಜಿಸ್ಟರಿನ್ಯಾಗ ಏರಿಸಿ ಕಪಾಟಿನ್ಯಾಗ ಇಟ್ಟು ಕೀಲಿ, ಒಡದ್ರ ಆಡಿಟಿನವರಿಗೆ ಯಾರು ಹೇಳೋರು. ಒಂದು ವರ್ಷ ಬಿಟ್ಟು ಫೋನ್ ಮಾಡಿದ್ರ ಇನ್ನೂ ಅಲ್ಲೇ ಇತ್ತಂತ. "ಅವರದೇನ ತಪ್ಪಿಲ್ಲ, ನಾ ಬೀಗರ ಹೋದಂಗ ಹೋಗಿದ್ದೆ. ಟಾಂಜಾನಿಯಾದಾಗ ನೋಡು, ಎರಡ ವರ್ಷ ವಾರದ ಪೀರಿಯಡ್ ನಂದ, ಪೇಪರ್ ತಿದ್ದೂದೂ ನಂದ. ಕಲಸಾಕ ಕಲ್ತು ಆಮ್ಯಾಲೆ ಊರಿಗೆ ಹೊಕ್ಕೀನಿ" ಅಂದ್ರು. ನನಗ ಇದು ಪೂರಾ ಒಪ್ಪಿಗಿ ಆಗಿಲ್ಲ, ಹಂಗಂತ ಅವರ ಮುಂದೂ ಅಂದೆ. ತೊಳದ ಬೋಗುಣಿ ನನ್ನ ಕೈಯಾಗ ಕೊಟ್ಟು "ಒರಸು" ಅಂದ್ರು.

ಈಗ ಸೂಚನೆಗಳು, ಜಾಗ ಕಡಿಮಿ. ಯುಗಾದಿ ಕಾರ್ಯಕ್ರಮ ಶನಿವಾರ ನಾಲ್ಕಕ್ಕ, ನಾಲ್ಕಕ್ಕ ಅಂದ್ರ ನಾಲ್ಕಕ್ಕ, ಒಂಬತ್ತಕ್ಕ ಹಾಲ್ ಖಾಲಿ ಮಾಡಿ ಕಸ ಹೊಡದು ಕೊಡದಿದ್ರ ಡಿಪಾಸಿಟ್ ಹೋಗ್ತದ. ನಮ್ಮ ಕಡೆ ಕುಡಿಯೋ ಬೇವು ಎರಡು ಕೊಡ ಮಾಡ್ತೀವಿ, ಬೇವು-ಬೆಲ್ಲ ತಿನ್ನೋರು ತಮ್ಮದು ತರ್ರಿ, ಜಗಳ ಬ್ಯಾಡ. ಮೆಂಬರ್‌ಶಿಪ್ ಬಾಕಿ ಇದ್ದವರು ಅಕ್ಕಾರು ಇರೋದರಾಗ ಕೊಡ್ರಿ, ಅವರಂಗ ನಕ್ಕೋತ ವಸೂಲಿ ಮಾಡೋರು ಮತ್ತೊಬ್ಬರು ಇಲ್ಲ. ಲೈಬ್ರರಿ ಪುಸ್ತಕ ವಾಪಸ್. ನಾಟಕದ ರಿಹರ್ಸಲ್ ಗುರುವಾರಕ್ಕ ಹೋಗೇದ. ಆ ವಾರ ಕನ್ನಡ ಕ್ಲಾಸ್ ಇಲ್ಲ.

ಮತ್ತ, ಖಜಾಂಚಿ ಜಾಗಾ ಖಾಲಿ, ಎಕ್ಸೆಲ್ ಬಂದ್ರ ಸಾಕು. ಅಕ್ಕಾರು ಶನಿವಾರ ಹನ್ನೆರಡು ಹುಡುಗರಿಗೆ ತಗೋತಿದ್ದ ವಿಜ್ಞಾನದ ತಾಸಿಗೆ ಇಬ್ಬರು ಬೇಕು. ಈ ಪತ್ರಿಕೆಗೂ ಒಬ್ಬರು ಬೇಕು, ನಾನು ಹೋದ ನಾಲ್ಕು ಸಂಚಿಕೆ ಒಬ್ಬನ ಮಾಡೀನಿ, ನನ್ನ ಹೆಂಡ್ತಿ ಈಗ ಮಾತಾಡ್ಸೂದು ಬಿಟ್ಟಾಳ. ಇಷ್ಟು ಮಂದಿ ಇಂಜಿನಿಯರ್ ಇದ್ದೀವಿ, ಬರ್ರಿ.

ಇನ್ನೊಂದು. ಕಸದಾಗಿನ ಸಾಮಾನಿಂದ ಆಟಿಗಿ ಮಾಡಿ ವಿಜ್ಞಾನ ಕಲಿಸೋ ಅರವಿಂದ ಗುಪ್ತಾ ಅವರು ಮಧ್ಯಪ್ರದೇಶದ ಹೋಶಂಗಾಬಾದದಾಗ ಬೆಂಕಿಕಡ್ಡಿ ಮತ್ತ ಸೈಕಲ್ ವಾಲ್ ಟ್ಯೂಬ್ (ಗಾಳಿ ಹಾಕೋ ವಾಲ್ವಿನ ಸಣ್ಣ ರಬ್ಬರ್ ಕೊಳವಿ) ಹಚ್ಚಿ ತ್ರಿಕೋನ, ಚೌಕ, ಮಾಡಲ್ ಎಲ್ಲಾ ಮಾಡಿಸ್ತಿದ್ರಲ್ಲ, ಅಕ್ಕಾರು ಅದನ್ನ ಅಲ್ಲಿ ಮಾಡಿಸೋರದಾರ. ಕಡ್ಡಿ ಎಲ್ಲಾ ಕಡೆ ಸಿಗ್ತಾವ, ಆ ಸಣ್ಣ ವಾಲ್ ಟ್ಯೂಬ್ ಇಲ್ಲಿ ಎಲ್ಲೂ ಸಿಗವಲ್ಲದು. ಮೇ ಒಳಗ ಊರಿಂದ ಬರೋರು ಯಾರಾರ ಇದ್ರ ಸೈಕಲ್ ಅಂಗಡ್ಯಾಗ ಕೇಳಿ ಇಪ್ಪತ್ತು ಮೀಟರ್ ತರ್ರಿ, ರೊಕ್ಕ ನಾ ಕೊಡ್ತೀನಿ.