ಇಎಸ್‌ಐ ವಿನಾಯಿತಿ ಕೊಡುವ ಮುನ್ನ ಕಾರ್ಮಿಕರನ್ನೂ ಕೇಳಿ

ಮಾನ್ಯ ಸಂಪಾದಕರೇ,

ಕೆಲಸದ ಸ್ಥಳದಲ್ಲಿ ಕಾರ್ಮಿಕನಿಗೆ ಪೆಟ್ಟಾದರೆ ಅಥವಾ ಜೀವವೇ ಹೋದರೆ ಅವನಿಗೂ ಅವನ ಮನೆಯವರಿಗೂ ಆಸರೆಯಾಗಲೆಂದು ಇರುವ ಇಎಸ್‌ಐ ವಿಮೆಯಿಂದ ಒಂದು ಕಾರ್ಖಾನೆ ವಿನಾಯಿತಿ ಪಡೆಯುವಾಗ, ಆ ವಿಮೆ ಯಾರಿಗಾಗಿ ಇದೆಯೋ ಅವರನ್ನೇ ಯಾರೂ ಮಾತನಾಡಿಸುವುದಿಲ್ಲ. ಪೀಣ್ಯದ ಒಂದು ಎಂಜಿನಿಯರಿಂಗ್ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಹತ್ತೊಂಬತ್ತು ವರ್ಷ ಗುಮಾಸ್ತನಾಗಿ ದುಡಿದು ನಿವೃತ್ತನಾದ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಹಳೆಯ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದು ಹೊಸ ವ್ಯವಸ್ಥೆ ತಳವೂರುತ್ತಿರುವ ಈ ಹೊತ್ತಿನಲ್ಲಿ ಈ ಲೋಪವನ್ನು ಸರಿಪಡಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ನಾವೆಲ್ಲ ಇಎಸ್‌ಐ ಎಂದು ಕರೆಯುವ 1948ರ ನೌಕರರ ರಾಜ್ಯ ವಿಮಾ ಕಾಯ್ದೆಯ 87ನೇ ಸೆಕ್ಷನ್ ಪ್ರಕಾರ, ಸರ್ಕಾರವು ಅಧಿಸೂಚನೆ ಹೊರಡಿಸಿ ಯಾವುದೇ ಕಾರ್ಖಾನೆಗೆ ಒಂದು ವರ್ಷ ಮೀರದ ಅವಧಿಗೆ ವಿನಾಯಿತಿ ಕೊಡಬಹುದಿತ್ತು ಮತ್ತು ಅದನ್ನು ನವೀಕರಿಸಬಹುದಿತ್ತು. 2010ರ ತಿದ್ದುಪಡಿ ಇದಕ್ಕೆ ಬಿಗಿಯಾದ ಷರತ್ತನ್ನೇ ಹಾಕಿತು. ಇಎಸ್‌ಐ ಸೌಲಭ್ಯಗಳಿಗೆ ಬಹುಮಟ್ಟಿಗೆ ಸಮನಾದ ಅಥವಾ ಅವಕ್ಕಿಂತ ಉತ್ತಮವಾದ ಸೌಲಭ್ಯಗಳು ಕಾರ್ಮಿಕರಿಗೆ ಈಗಾಗಲೇ ದೊರೆಯುತ್ತಿದ್ದರೆ ಮಾತ್ರ ವಿನಾಯಿತಿ ಸಿಗಬೇಕು, ಅವಧಿ ಮುಗಿಯುವ ಮೂರು ತಿಂಗಳು ಮೊದಲೇ ನವೀಕರಣದ ಅರ್ಜಿ ಹೋಗಬೇಕು, ಆದೇಶವು ಮುಂದಿನ ದಿನಗಳಿಗೆ ಅನ್ವಯಿಸಬೇಕೇ ಹೊರತು ಕಳೆದುಹೋದ ದಿನಗಳಿಗೆ ಅಲ್ಲ ಎಂಬುದು ಅದರ ತಾತ್ಪರ್ಯ. 89ನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಎಸ್‌ಐ ನಡೆಸುವ ವಿಮಾ ನಿಗಮಕ್ಕೆ ತನ್ನ ಅಭಿಪ್ರಾಯ ತಿಳಿಸಲು ಅವಕಾಶ ಕೊಡದೆ ವಿನಾಯಿತಿ ನೀಡಕೂಡದು ಎಂದು ಹೇಳಿತ್ತು. ಮಾಲೀಕರು ಅರ್ಜಿ ಹಾಕುತ್ತಾರೆ, ನಿಗಮ ಉತ್ತರ ಕೊಡುತ್ತದೆ, ಸರ್ಕಾರ ತೀರ್ಮಾನಿಸುತ್ತದೆ. ಕಾರ್ಮಿಕನ ಮಾತು ಕೇಳಬೇಕೆಂಬ ಒಂದು ಸಾಲು ಆ ಸೆಕ್ಷನ್‌ಗಳಲ್ಲಿ ಎಲ್ಲಿಯೂ ಇರಲಿಲ್ಲ.

ನಮ್ಮ ಕಾರ್ಖಾನೆ ವಿನಾಯಿತಿಗೆ ಅರ್ಜಿ ಹಾಕಿದಾಗ ಅದರ ಜೊತೆ ಲಗತ್ತಿಸಬೇಕಾದ ತಖ್ತೆಯನ್ನು ಟೈಪ್ ಮಾಡಿದವನು ನಾನೇ. ಎಡಗಡೆ ಇಎಸ್‌ಐ ಕೊಡುವ ಸೌಲಭ್ಯ, ಬಲಗಡೆ ಕಂಪನಿ ಕೊಡುವ ಸೌಲಭ್ಯ. ವೈದ್ಯಕೀಯ ಚಿಕಿತ್ಸೆಯ ಎದುರಿಗೆ ಒಂದು ಖಾಸಗಿ ವಿಮಾ ಕಂಪನಿಯ ಗುಂಪು ಮೆಡಿಕ್ಲೇಮ್ ಪಾಲಿಸಿಯ ಸಂಖ್ಯೆ ಬರೆಸಿದರು. ಆ ಪಾಲಿಸಿ ಆಸ್ಪತ್ರೆಗೆ ದಾಖಲಾದರೆ ಮಾತ್ರ ಅನ್ವಯಿಸುತ್ತಿತ್ತು, ಕಾರ್ಮಿಕರ ತಂದೆತಾಯಿಗಳ ಹೆಸರು ಅದರಲ್ಲಿ ಇರಲಿಲ್ಲ. ಗಾಯಗೊಂಡು ಮನೆಯಲ್ಲಿರುವ ದಿನಗಳ ಭತ್ಯೆ ಎಂಬ ಸಾಲಿಗೆ ಬಂದಾಗ ಏನು ಬರೆಯಲಿ ಎಂದು ಮೇಲಿನವರನ್ನು ಕೇಳಿದೆ. ‘ಕಂಪನಿ ನಿಯಮದಂತೆ’ ಎಂದು ಬರೆಯಲು ಹೇಳಿದರು. ಅಂಥ ಒಂದು ನಿಯಮ ನಮ್ಮ ಸ್ಥಾಯಿ ಆದೇಶಗಳಲ್ಲಿ, ಅಂದರೆ ಕಾರ್ಖಾನೆಯ ಸೇವಾ ನಿಯಮಗಳಲ್ಲಿ, ಇರಲಿಲ್ಲ ಎಂಬುದು ಹಾಜರಿ ಪುಸ್ತಕ ಮತ್ತು ರಜೆ ಪುಸ್ತಕ ಬರೆಯುತ್ತಿದ್ದ ನನಗೆ ಗೊತ್ತಿತ್ತು. ಆದರೂ ಬರೆದೆ. ಅವಲಂಬಿತರ ಪಿಂಚಣಿಯ ಸಾಲಿನಲ್ಲಿಯೂ ಅದೇ ಮಾತು ಬಂತು. ಇಂದಿಗೂ ಆ ತಖ್ತೆ ನನ್ನ ಕಣ್ಣ ಮುಂದಿದೆ, ಮತ್ತು ಅದರಲ್ಲಿ ನನ್ನ ಪಾಲೂ ಇದೆ ಎಂದು ಒಪ್ಪಿಕೊಳ್ಳದೆ ಈ ಪತ್ರ ಬರೆಯುವ ಹಕ್ಕು ನನಗಿಲ್ಲ.

ವಿನಾಯಿತಿ ಸಿಕ್ಕ ತಿಂಗಳು ಪೇ ಸ್ಲಿಪ್‌ನಲ್ಲಿ ಇಎಸ್‌ಐ ಕಡಿತದ ಸಾಲು ಮಾಯವಾಯಿತು. 18,000 ರೂಪಾಯಿ ಸಂಬಳದವನಿಗೆ ಶೇ 0.75ರ ಲೆಕ್ಕದಲ್ಲಿ 135 ರೂಪಾಯಿ ಹೆಚ್ಚಾಗಿ ಕೈಗೆ ಬಂತು. ಕಂಪನಿಗೆ ಶೇ 3.25ರ ಲೆಕ್ಕದಲ್ಲಿ ತಲೆಗೆ 585 ರೂಪಾಯಿ ಉಳಿಯಿತು. ಹುಡುಗರು ಸಂತೋಷಪಟ್ಟರು. ಏಕೆ ಹೆಚ್ಚಾಯಿತೆಂದು ಕೇಳಿದವರಿಗೆ ಮೆಡಿಕ್ಲೇಮ್ ಕಾರ್ಡ್ ತೋರಿಸಿ, ಇನ್ನು ಮುಂದೆ ದೊಡ್ಡ ಆಸ್ಪತ್ರೆಗೇ ಹೋಗಬಹುದು ಎಂದು ಹೇಳಲಾಯಿತು. ಆದೇಶದ ಪ್ರತಿ ನೋಟಿಸ್ ಬೋರ್ಡಿಗೆ ಬರಲಿಲ್ಲ.

ಮರುವರ್ಷ ಪವರ್ ಪ್ರೆಸ್‌ನಲ್ಲಿ ಕೆಲಸ ಮಾಡುತ್ತಿದ್ದ, ರಾಯಚೂರು ಕಡೆಯ ಮೂವತ್ತು ವರ್ಷದ ಒಬ್ಬ ಯುವಕನ ಬಲಗೈಯ ತೋರುಬೆರಳು ಮತ್ತು ಮಧ್ಯದ ಬೆರಳು ಡೈ ಕೆಳಗೆ ಸಿಕ್ಕಿದವು. ಜೊತೆಗಿದ್ದವರು ಕೈಗೆ ಬಟ್ಟೆ ಸುತ್ತಿ, ರೂಢಿಯಂತೆ ಆಟೋದಲ್ಲಿ ಇಎಸ್‌ಐ ಆಸ್ಪತ್ರೆಗೆ ಕರೆದೊಯ್ದರು. ಅವನ ಪರ್ಸಿನಲ್ಲಿ ನಾಲ್ಕು ಮಡಿಕೆ ಮಾಡಿಟ್ಟಿದ್ದ ಇಎಸ್‌ಐ ಚೀಟಿ ಇತ್ತು. ಕೌಂಟರಿನಲ್ಲಿ ನಂಬರ್ ನೋಡಿದವರು, ವರ್ಷದಿಂದ ವಂತಿಗೆಯೇ ಬಂದಿಲ್ಲ ಎಂದರು. ತನ್ನ ಕಾರ್ಖಾನೆಗೆ ವಿನಾಯಿತಿ ಸಿಕ್ಕಿದೆ ಎಂಬುದು ಅವನಿಗೆ ತಿಳಿದದ್ದು ಆಗ, ರಕ್ತ ಸೋರುವ ಕೈ ಹಿಡಿದುಕೊಂಡು ಆ ಕೌಂಟರಿನ ಮುಂದೆ ನಿಂತಾಗ.

ಮೆಡಿಕ್ಲೇಮ್‌ನಿಂದ ಆಸ್ಪತ್ರೆಯ ಬಿಲ್ಲು ಪಾವತಿಯಾಯಿತು, ಅದನ್ನು ಅಲ್ಲಗಳೆಯುವುದಿಲ್ಲ. ಆಮೇಲಿನ ನಾಲ್ಕು ತಿಂಗಳು ಅವನು ಸಂಬಳವಿಲ್ಲದೆ ಬಾಡಿಗೆ ಕೋಣೆಯಲ್ಲಿ ಕುಳಿತ. ಇಎಸ್‌ಐ ಇದ್ದಿದ್ದರೆ ವೇತನದ ಶೇ 90ರಷ್ಟು ಬರುತ್ತಿತ್ತು. ಅದಿಲ್ಲದವರಿಗೆ ಅನ್ವಯವಾಗುತ್ತಿದ್ದ 1923ರ ನೌಕರರ ಪರಿಹಾರ ಕಾಯ್ದೆಯಂತೆ ಹದಿನೈದು ದಿನಕ್ಕೊಮ್ಮೆ ತಿಂಗಳ ವೇತನದ ಕಾಲುಭಾಗವಾದರೂ ಸಿಗಬೇಕಿತ್ತು. ಅದೂ ಸಿಗಲಿಲ್ಲ. ಅಷ್ಟರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: ಅಪಘಾತದ ದಿನಕ್ಕೆ ಒಂದು ವರ್ಷದ ವಿನಾಯಿತಿ ಮುಗಿದುಹೋಗಿತ್ತು, ನವೀಕರಣದ ಅರ್ಜಿ ತಡವಾಗಿ ಹೋಗಿ ಕಡತದಲ್ಲೇ ಇತ್ತು. ಪರಿಹಾರ ಆಯುಕ್ತರ ಮುಂದೆ ಕಂಪನಿಯ ವಕೀಲರು, ವಿನಾಯಿತಿ ಜಾರಿಯಲ್ಲಿಲ್ಲದ ಕಾರಣ ಇವನು ಇಎಸ್‌ಐ ವ್ಯಾಪ್ತಿಯವನು, ಇಎಸ್‌ಐ ವ್ಯಾಪ್ತಿಯವನು ಬೇರೆ ಕಾಯ್ದೆಯಡಿ ಪರಿಹಾರ ಕೇಳುವಂತಿಲ್ಲ ಎಂದು ಇಎಸ್‌ಐ ಕಾಯ್ದೆಯ 53ನೇ ಸೆಕ್ಷನ್ ಮುಂದಿಟ್ಟರು. ಇಎಸ್‌ಐ ಶಾಖಾ ಕಚೇರಿಗೆ ಹೋದರೆ, ಕಾರ್ಖಾನೆಯವರು ತಮಗೆ ವಿನಾಯಿತಿ ಇದೆಯೆಂದು ಪತ್ರ ಕೊಟ್ಟಿದ್ದರು. ಅತ್ತ ದರಿ, ಇತ್ತ ಪುಲಿ. ಎರಡು ವರ್ಷ ಅಲೆದು ಕೊನೆಗೆ ಒಂದೂವರೆ ಲಕ್ಷಕ್ಕೆ ರಾಜಿಯಾಗಿ ಅವನು ಊರಿಗೆ ಹೋದ.

ಅವನಿಗೆ ನ್ಯಾಯವಾಗಿ ಎಷ್ಟು ಬರಬೇಕಿತ್ತು ಎಂಬುದನ್ನು ನಾನು ಲೆಕ್ಕ ಹಾಕಿದ್ದೇನೆ. ಒಂದು ಕೈಯ ಎರಡು ಬೆರಳು ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇ 20ರಷ್ಟು ನಷ್ಟ ಎಂದು 1923ರ ಕಾಯ್ದೆಯ ಅನುಸೂಚಿ ಹೇಳುತ್ತಿತ್ತು. ಮೂವತ್ತು ವರ್ಷದವನಿಗೆ ವಯಸ್ಸಿನ ಗುಣಾಂಕ 207.98, ಪರಿಗಣಿಸುವ ವೇತನದ ಮಿತಿ 15,000 ರೂಪಾಯಿ, ಅದರ ಶೇ 60. ಇವನ್ನು ಗುಣಿಸಿ ಅದರ ಶೇ 20 ತೆಗೆದರೆ ಒಟ್ಟು 3,74,364 ರೂಪಾಯಿ ಆಗುತ್ತದೆ, ತಡವಾದರೆ ಶೇ 12ರ ಬಡ್ಡಿ ಬೇರೆ. ಇಎಸ್‌ಐ ಅಡಿಯಲ್ಲಾದರೆ 18,000 ರೂಪಾಯಿ ಸಂಬಳದ ಲೆಕ್ಕದಲ್ಲಿ ಸುಮಾರು 3,240 ರೂಪಾಯಿ ಪ್ರತಿ ತಿಂಗಳು, ಬದುಕಿರುವವರೆಗೆ. ಒಟ್ಟಿಗೆ ಬರುವ ಮೊತ್ತವೇ ಲೇಸೆನ್ನುವವರೂ ಇದ್ದಾರೆ, ಆ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಆ ಮೊತ್ತ ಮಾಲೀಕನ ಜೇಬಿನಿಂದ ಬರಬೇಕು. ಅದಕ್ಕಾಗಿ ಅವನು ವಿಮೆ ಮಾಡಿಸಲೇಬೇಕೆಂಬ ಕಡ್ಡಾಯ 1923ರ ಕಾಯ್ದೆಯಲ್ಲಿ ಇರಲಿಲ್ಲ. ಇಎಸ್‌ಐನಿಂದ ಹೊರಬಂದ ಕಾರ್ಖಾನೆ ಬಾಗಿಲು ಹಾಕಿದರೆ ಕಾರ್ಮಿಕನು ಹಣಕ್ಕಾಗಿ ಯಾರ ಮನೆಗೆ ಹೋಗಬೇಕು?

ಅಧಿಸೂಚನೆಯ ಗೊಡವೆಯೇ ಇಲ್ಲದೆ ವಿಮೆಯಿಂದ ಹೊರಗುಳಿಯುವವರೂ ಇದ್ದಾರೆ. ಇಎಸ್‌ಐ ಅನ್ವಯವಾಗುವ ಹತ್ತು ಜನರ ಮಿತಿ ಮುಟ್ಟದಂತೆ ಒಂದೇ ಶೆಡ್ಡಿನಲ್ಲಿ ಎರಡು ಹೆಸರಿನ ಘಟಕ ತೋರಿಸುವುದು, 21,000ದ ವೇತನ ಮಿತಿ ಮೀರುವಂತೆ ಕಾಗದದ ಮೇಲೆ ಸಂಬಳ ಏರಿಸುವುದು, ಖಾಯಂ ಕೆಲಸಕ್ಕೆ ವರ್ಷಗಟ್ಟಲೆ ಟ್ರೈನಿ ಎಂದು ದುಡಿಸಿಕೊಳ್ಳುವುದು ಕೈಗಾರಿಕಾ ಪ್ರದೇಶದ ಎಲ್ಲರಿಗೂ ತಿಳಿದದ್ದೇ. ಅದು ಕಾನೂನುಬಾಹಿರ, ತನಿಖಾಧಿಕಾರಿಗಳು ಹಿಡಿಯಬೇಕಾದದ್ದು. ನನ್ನ ಚಿಂತೆ ಸರ್ಕಾರದ ಮೊಹರಿನೊಂದಿಗೆ ಬರುವ ವಿನಾಯಿತಿಯ ಬಗ್ಗೆ.

ವಿನಾಯಿತಿಯೇ ಬೇಡವೆಂದು ನಾನು ಹೇಳುತ್ತಿಲ್ಲ. ಸ್ವಂತ ಆಸ್ಪತ್ರೆ ಕಟ್ಟಿ, ಗಾಯಗೊಂಡವನಿಗೆ ಪೂರ್ತಿ ಸಂಬಳ ಕೊಟ್ಟು, ಸತ್ತವನ ಹೆಂಡತಿಗೆ ಕೆಲಸ ಕೊಡುವ ಕಾರ್ಖಾನೆ ಇದ್ದರೆ ಅಲ್ಲಿಯ ಕಾರ್ಮಿಕರೇ ವಿನಾಯಿತಿಗೆ ಸಹಿ ಹಾಕುತ್ತಾರೆ. ಹಾಗಿದ್ದ ಮೇಲೆ ಅವರನ್ನು ಕೇಳಲು ಹಿಂಜರಿಕೆ ಏಕೆ? ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಖಾಸಗಿ ಮಾಲೀಕರು ಕಾರ್ಮಿಕ ಪರಿಹಾರ ವಿಮೆಯಿಂದ ಪೂರ್ತಿಯಾಗಿ ಹೊರಗುಳಿಯಬಹುದು. ಅಂಥ ಸಡಿಲ ಕಾನೂನಿನಲ್ಲಿ ಸಹ, ಹೊರಗುಳಿದವರು ಆ ವಿಷಯವನ್ನು ಸರ್ಕಾರಕ್ಕೆ ತಿಳಿಸಬೇಕು, ಕೆಲಸದ ಜಾಗದಲ್ಲಿ ಫಲಕ ಹಾಕಬೇಕು, ಹೊಸದಾಗಿ ಸೇರುವ ಪ್ರತಿಯೊಬ್ಬನಿಗೂ ಹೇಳಬೇಕು. ನಮ್ಮಲ್ಲಿಯೂ 1923ರ ಕಾಯ್ದೆಗೆ 2017ರಲ್ಲಿ 17ಎ ಸೆಕ್ಷನ್ ಸೇರಿಸಿ, ಪರಿಹಾರದ ಹಕ್ಕನ್ನು ಕೆಲಸಕ್ಕೆ ಸೇರುವಾಗಲೇ ಕಾರ್ಮಿಕನಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ತಿಳಿಸಬೇಕು, ತಪ್ಪಿದರೆ 50,000ದಿಂದ 1,00,000 ರೂಪಾಯಿವರೆಗೆ ದಂಡ ಎಂದು ವಿಧಿಸಲಾಯಿತು. ನನ್ನ ಸೇವಾವಧಿಯಲ್ಲಿ ಅಂಥ ಒಂದು ಕನ್ನಡ ಪತ್ರವನ್ನು ನಾನು ಯಾರ ಕೈಗೂ ಕೊಟ್ಟಿಲ್ಲ, ಕೊಡಿರೆಂದು ಯಾರೂ ನನಗೆ ಹೇಳಲಿಲ್ಲ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಂಹಿತೆಯಲ್ಲೂ ವಿನಾಯಿತಿಯ ಅಧಿಕಾರ ಉಳಿದಿದೆ, ನಿಗಮವನ್ನು ಕೇಳಬೇಕೆಂಬ ಮಾತು ಉಳಿದಿದೆ, ಸಮಾನ ಅಥವಾ ಉತ್ತಮ ಸೌಲಭ್ಯದ ಷರತ್ತೂ ಉಳಿದಿದೆ. ಸರ್ಕಾರಕ್ಕೆ ಷರತ್ತು ವಿಧಿಸುವ ಅಧಿಕಾರ ಇರುವುದರಿಂದ ಕಾರ್ಮಿಕರನ್ನು ಕೇಳಲು ಸಂಸತ್ತು ಮತ್ತೊಂದು ತಿದ್ದುಪಡಿ ತರುವವರೆಗೆ ಕಾಯಬೇಕಾಗಿಲ್ಲ. ವಿನಾಯಿತಿಯ ಅರ್ಜಿಯನ್ನು, ಮುಖ್ಯವಾಗಿ ಆ ಎರಡು ಅಂಕಣಗಳ ತಖ್ತೆಯನ್ನು, ಕನ್ನಡದಲ್ಲಿ ಕಾರ್ಖಾನೆಯ ಗೇಟಿನ ಬಳಿ ಒಂದು ತಿಂಗಳು ಹಾಕಿಸಬೇಕು; ಆಕ್ಷೇಪಣೆ ಇದ್ದವರನ್ನು ಮಾಲೀಕರ ಎದುರಿನಲ್ಲಿ ಅಲ್ಲದೆ ಬೇರೆಯಾಗಿ ಕರೆದು ಕೇಳಬೇಕು. ವಿನಾಯಿತಿ ಪಡೆದ ಕಾರ್ಖಾನೆ ಅಪಘಾತ ಪರಿಹಾರಕ್ಕೆ ಪ್ರತ್ಯೇಕ ವಿಮೆ ಮಾಡಿಸಿ, ವರ್ಷವರ್ಷವೂ ಪಾಲಿಸಿಯ ಪ್ರತಿಯನ್ನು ಇಲಾಖೆಗೆ ಒಪ್ಪಿಸಬೇಕು. ಯಾವ ಕಾರ್ಖಾನೆಗೆ, ಯಾವ ದಿನದವರೆಗೆ ವಿನಾಯಿತಿ ಇದೆ ಎಂಬ ಪಟ್ಟಿ ಕಾರ್ಮಿಕ ಇಲಾಖೆಯ ಜಾಲತಾಣದಲ್ಲೂ ಪ್ರತಿ ಇಎಸ್‌ಐ ಆಸ್ಪತ್ರೆಯ ಕೌಂಟರಿನಲ್ಲೂ ಇರಬೇಕು, ಮತ್ತು ಅವಧಿ ಮುಗಿದ ಮರುದಿನವೇ ಆ ಕಾರ್ಖಾನೆಯ ಕಾರ್ಮಿಕರು ವಿಮಾ ವ್ಯಾಪ್ತಿಗೆ ಮರಳಿದರೆಂದು ನಿಗಮವೇ ಅವರ ಮೊಬೈಲಿಗೆ ಸಂದೇಶ ಕಳಿಸಬೇಕು.

‘ಕಂಪನಿ ನಿಯಮದಂತೆ’ ಎಂದು ನಾನು ಟೈಪ್ ಮಾಡಿದ ಆ ಸಾಲನ್ನು ಪ್ರೆಸ್ ಶಾಪಿನ ಯಾರಿಗಾದರೂ ಓದಿ ಹೇಳಿದ್ದರೆ, ಯಾವ ನಿಯಮ, ತೋರಿಸಿ ಎಂದು ಅವರು ಅಂದೇ ಕೇಳುತ್ತಿದ್ದರು.

ಇಂತಿ,
ನಿವೃತ್ತ ಟೈಮ್ ಆಫೀಸ್ ಗುಮಾಸ್ತ,
ಪೀಣ್ಯ, ಬೆಂಗಳೂರು