ಮಾದರಿಗೆಂದು ಕೊಟ್ಟ ಗೇರ್‌ಬಾಕ್ಸ್ ಮುಚ್ಚಳ ಎಲ್ಲಿ?

ಗೆ,
ವ್ಯವಸ್ಥಾಪಕರು,
ಹಳೆಯ ವಾಹನಗಳ ಬಿಡಿಭಾಗ ತಯಾರಿಕಾ ವಿಭಾಗ

ವಿಷಯ: ಫೋರ್ಡ್ ಮಾಡೆಲ್ ಎಎ ಲಾರಿಯ ಗೇರ್‌ಬಾಕ್ಸ್ ಮೇಲ್ಮುಚ್ಚಳದ ಮೂಲ ಭಾಗವನ್ನು ಹಿಂದಿರುಗಿಸದಿರುವುದು ಹಾಗೂ ಹೊಸ ಎರಕದ ಅಳತೆ ತಪ್ಪಿರುವುದು.

ಮಾನ್ಯರೇ,

ನೀವು ಕಳುಹಿಸಿದ ಪೆಟ್ಟಿಗೆ ಹೋದ ವಾರ ನನ್ನ ಕೈಸೇರಿತು. ಅದರಲ್ಲಿ ಎರಡು ಮುಚ್ಚಳಗಳಿರಬೇಕಿತ್ತು. ನೀವು ಹೊಸದಾಗಿ ಎರಕ ಹೊಯ್ದದ್ದು ಒಂದು, ಅದಕ್ಕೆ ಮಾದರಿಯಾಗಿ ನಾನು ಕೊಟ್ಟಿದ್ದ ಹಳೆಯದು ಇನ್ನೊಂದು. ಇದ್ದದ್ದು ಹೊಸದು ಮಾತ್ರ. ಪೆಟ್ಟಿಗೆಯೊಳಗೆ ತುಂಬಿದ್ದ ಕಾಗದದ ಚೂರುಗಳನ್ನೆಲ್ಲ ನೆಲಕ್ಕೆ ಸುರಿದು ಹುಡುಕಿದೆ, ಸಿಗಲಿಲ್ಲ. ಫೋನ್ ಮಾಡಿದಾಗ ನಿಮ್ಮ ಸಿಬ್ಬಂದಿಯೊಬ್ಬರು, "ಅದು ಬಿರುಕು ಬಿಟ್ಟಿತ್ತಲ್ಲವೇ, ಕೆಲಸ ಮುಗಿದ ಮೇಲೆ ಗುಜರಿಗೆ ಹೋಗಿರಬೇಕು" ಎಂದರು. ಹೊಸ ಮುಚ್ಚಳ ಲಾರಿಗೆ ಕೂರುವುದಿಲ್ಲ ಎಂಬುದು ನನ್ನ ಎರಡನೆಯ ದೂರು. ಮೊದಲನೆಯ ದೂರು ಈ ಮಾತಿನ ಮೇಲೆಯೇ.

ನಾನು ಕೊಟ್ಟದ್ದು ಗುಜರಿಯಲ್ಲ. ಈ ಲಾರಿಯ ನಕ್ಷೆ ನನ್ನ ಬಳಿ ಇಲ್ಲ. ಆ ಭಾಗವೇ ನನ್ನ ನಕ್ಷೆಯಾಗಿತ್ತು. ಯಾವ ತೂತು ಎಲ್ಲಿರಬೇಕು, ಯಾವ ಅಂಚು ಎಷ್ಟು ದಪ್ಪ, ಗೇರ್ ಬದಲಿಸುವ ಸರಳುಗಳು ಎಷ್ಟು ಅಂತರದಲ್ಲಿ ಓಡಬೇಕು ಎಂಬುದೆಲ್ಲ ಆ ಒಡಕು ಕಬ್ಬಿಣದಲ್ಲಿತ್ತು. ಬಿರುಕು ಬಿಟ್ಟದ್ದು ಒಂದು ಮೂಲೆ. ಉಳಿದ ಮೂರು ಮೂಲೆಗಳ ಅಳತೆ ಕಾರ್ಖಾನೆಯಿಂದ ಹೊರಬಿದ್ದ ದಿನದಷ್ಟೇ ನಿಖರವಾಗಿತ್ತು. "ಕೆಲಸವಾದ ಮೇಲೆ ಹಿಂದಿರುಗಿಸಬೇಕು" ಎಂದು ಬರೆದ ತಗಡಿನ ಚೀಟಿಯನ್ನು ನಾನೇ ತಂತಿಯಿಂದ ಅದಕ್ಕೆ ಬಿಗಿದಿದ್ದೆ. ನಿಮ್ಮ ರಸೀದಿಯಲ್ಲೂ "ಮಾದರಿ ಒಂದು, ಹಿಂದಿರುಗಿಸತಕ್ಕದ್ದು" ಎಂದೇ ಇದೆ. ಅದರ ಪ್ರತಿಯನ್ನು ಲಗತ್ತಿಸಿದ್ದೇನೆ.

ಇಂತಹ ಒಂದು ಮುಚ್ಚಳಕ್ಕಾಗಿ ನಾನೇಕೆ ಇಷ್ಟು ಸಂಕಟಪಡುತ್ತಿದ್ದೇನೆಂದು ನಿಮ್ಮಲ್ಲಿ ಯಾರಿಗಾದರೂ ಅನ್ನಿಸಬಹುದು. ಮಾಡೆಲ್ ಎಎ ಒಂದೂವರೆ ಟನ್ನಿನ ಲಾರಿ. 1928ರಿಂದ 1931ರವರೆಗಿನ ಮಾದರಿಗಳಲ್ಲಿ ಬಂದದ್ದು. ಅದರ 3.3 ಲೀಟರಿನ, 40 ಅಶ್ವಶಕ್ತಿಯ ಎಂಜಿನ್ ಅದೇ ಕಾಲದ ಮಾಡೆಲ್ ಎ ಕಾರಿನದೇ. ಆ ಕಾರುಗಳು ಸುಮಾರು 48 ಲಕ್ಷ ತಯಾರಾಗಿದ್ದರಿಂದ ಎಂಜಿನ್ನಿಗೆ ಬೇಕಾದ ಪಿಸ್ಟನ್, ವಾಲ್ವ್, ಗ್ಯಾಸ್ಕೆಟ್, ಡಿಸ್ಟ್ರಿಬ್ಯೂಟರಿನ ಪಾಯಿಂಟ್‌ಗಳನ್ನು ಇಂದಿಗೂ ಹೊಸದಾಗಿ ಮಾಡಿ ಮಾರುವವರಿದ್ದಾರೆ. ಎಂಜಿನ್ ಕೆಲಸದಲ್ಲಿ ನನಗೆ ಎಲ್ಲೂ ತೊಡಕಾಗಲಿಲ್ಲ. ಕಷ್ಟವಿರುವುದು ಲಾರಿಗೆಂದೇ ಮಾಡಿದ, ಭಾಗದ ಸಂಖ್ಯೆ ಎಎ ಎಂದು ಶುರುವಾಗುವ ಸಾಮಾನುಗಳಲ್ಲಿ. ಚಕ್ರ, ಹಿಂದಿನ ಅಚ್ಚು, ನಾಲ್ಕು ಗೇರಿನ ಪೆಟ್ಟಿಗೆ ಇವೆಲ್ಲ ಆ ಗುಂಪಿಗೆ ಸೇರಿದವು. ಕಾರನ್ನು ಜನ ಜತನದಿಂದ ಕೊಟ್ಟಿಗೆಯಲ್ಲಿಟ್ಟರು. ಲಾರಿಯನ್ನು ಅದು ನಿಲ್ಲುವವರೆಗೆ ದುಡಿಸಿದರು, ನಿಂತ ಮೇಲೆ ತೂಕಕ್ಕೆ ಮಾರಿದರು. ಉಳಿದದ್ದು ಕಡಿಮೆ. ಇದೇ ಲಾರಿಯನ್ನು ಪರವಾನಗಿ ಪಡೆದು ಸೋವಿಯತ್ ಒಕ್ಕೂಟದಲ್ಲಿ 1932ರಿಂದ ತಯಾರಿಸಿದ ಗಾಜ್-ಎಎ ಭಾಗಗಳಲ್ಲೂ ಹುಡುಕಿದೆ. ಮೂರು ವರ್ಷ ಹುಡುಕಿ ಸಿಕ್ಕದ್ದು ಒಂದೇ ಮುಚ್ಚಳ, ಅದೂ ಬಿರುಕು ಬಿಟ್ಟದ್ದು. ಅದನ್ನೇ ನಂಬಿಕೆಯಿಂದ ನಿಮ್ಮ ಕೈಗೆ ಕೊಟ್ಟೆ.

ಇನ್ನು ಹೊಸ ಎರಕದ ಮಾತು.

ಕರಗಿದ ಬೀಡು ಕಬ್ಬಿಣ ಗಟ್ಟಿಯಾಗಿ ತಣ್ಣಗಾಗುವಾಗ ಸುಮಾರು ಶೇ 1ರಷ್ಟು ಕುಗ್ಗುತ್ತದೆ. ಅಡಿಗೆ ಇಂಚಿನ ಎಂಟನೆಯ ಒಂದು ಪಾಲು ಎಂಬ ಲೆಕ್ಕ ಎರಕದ ಕೆಲಸ ಬಲ್ಲವರಿಗೆಲ್ಲ ಬಾಯಿಪಾಠ. ಆದ್ದರಿಂದಲೇ ಮರಳಿನಲ್ಲಿ ಅಚ್ಚು ಮೂಡಿಸುವ ಮರದ ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿ ಕೆತ್ತುತ್ತಾರೆ, ಅದಕ್ಕೆಂದೇ ಹಿಗ್ಗಿಸಿದ ಅಳತೆಪಟ್ಟಿಯನ್ನು ಬಳಸುತ್ತಾರೆ. ಮಟ್ಟ ಹೊಡೆಯಬೇಕಾದ ಮುಖಗಳಿಗೆ ಬೇರೆಯಾಗಿ ದಪ್ಪ ಸೇರಿಸುತ್ತಾರೆ. ನೀವು ಇದಾವುದನ್ನೂ ಮಾಡಿಲ್ಲ. ನನ್ನ ಹಳೆಯ ಮುಚ್ಚಳವನ್ನೇ ನೇರವಾಗಿ ಮರಳಿಗೆ ಒತ್ತಿ ಅಚ್ಚು ತೆಗೆದಿದ್ದೀರಿ. ಇದು ನನ್ನ ಊಹೆಯಲ್ಲ. ಹಳೆಯದರ ಎಡಮೂಲೆಯಲ್ಲಿ ಯಾರೋ ಎಂದೋ ಬಿರುಕು ಮುಚ್ಚಲು ಹಾಕಿದ ವೆಲ್ಡಿಂಗ್ ಇತ್ತು. ಹುಣಿಸೆ ಬೀಜದ ಗಾತ್ರದ ಮೂರು ಗಂಟುಗಳು, ಮೂರನೆಯದು ಸ್ವಲ್ಪ ಓರೆ. ನಿಮ್ಮ ಹೊಸ ಮುಚ್ಚಳದ ಎಡಮೂಲೆಯಲ್ಲೂ ಅದೇ ಮೂರು ಗಂಟುಗಳಿವೆ, ಮೂರನೆಯದು ಓರೆಯಾಗಿಯೇ ಇದೆ. ಬೆರಳಾಡಿಸಿ ನೋಡಿದಾಗ ನನಗೆ ಮೈ ಉರಿಯಿತು. ಇರಬಾರದ ಗಂಟು ಹಾಗೆಯೇ ಬಂದಿದೆ, ಇರಬೇಕಾದ ಅಳತೆ ಬಂದಿಲ್ಲ.

ಕಳುಹಿಸುವ ಮೊದಲು ಹಳೆಯ ಮುಚ್ಚಳದ ತಳವನ್ನು ದಪ್ಪ ಗ್ಯಾಸ್ಕೆಟ್ ಕಾಗದದ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡಿದ್ದೆ. ಅದೇ ಕಾಗದದ ಮೇಲೆ ಹೊಸದನ್ನು ಇಟ್ಟರೆ ಸುತ್ತಲೂ ಗೆರೆ ಹೊರಗೆ ಕಾಣುತ್ತದೆ. ಉದ್ದದಲ್ಲಿ ಎರಡೂವರೆ ಮಿಲಿಮೀಟರ್ ಕಡಿಮೆ. ಒಂದು ತುದಿಯ ಎರಡು ಬೋಲ್ಟುಗಳನ್ನು ಹಾಕಿದರೆ ಇನ್ನೊಂದು ತುದಿಯವು ತೂತಿನ ಅಂಚಿಗೆ ಬಡಿದು ನಿಲ್ಲುತ್ತವೆ. ತಳವನ್ನು ಮಟ್ಟ ಹೊಡೆದ ಮೇಲೆ ಅಂಚು ಎಷ್ಟು ತೆಳುವಾಗಿದೆಯೆಂದರೆ, ಒಂದು ಬೋಲ್ಟಿನ ಪಕ್ಕದಲ್ಲಿ ಗಾಳಿಗುಳ್ಳೆ ಬಾಯಿ ತೆರೆದಿದೆ. ಟಾರ್ಚ್ ಹಿಡಿದರೆ ಬೆಳಕು ಆಚೆ ಬರುತ್ತದೆ. ಕಾಗದದ ಮೇಲೆ ಹೊಸದನ್ನು ಇಟ್ಟು ತೆಗೆದ ಚಿತ್ರಗಳನ್ನೂ ಲಗತ್ತಿಸಿದ್ದೇನೆ.

"ತೂತುಗಳನ್ನು ಅಗಲಿಸಿಕೊಳ್ಳಿ, ಗ್ಯಾಸ್ಕೆಟ್ ದಪ್ಪಗೆ ಹಾಕಿ, ಸರಿಯಾಗುತ್ತದೆ" ಎಂದು ನಿಮ್ಮವರು ಸಲಹೆ ಕೊಟ್ಟರು. ಈ ಸಲಹೆಯನ್ನು ದಯವಿಟ್ಟು ಬೇರೆ ಯಾರಿಗೂ ಕೊಡಬೇಡಿ. ಇದು ಧೂಳು ತಡೆಯುವ ಮುಚ್ಚಳವಲ್ಲ. ಗೇರುಗಳನ್ನು ಸರಿಸುವ ಫೋರ್ಕ್‌ಗಳು ಇದರಲ್ಲೇ ಜೋಡಣೆಯಾಗಿವೆ. ಸರಳುಗಳು ಎರಡು ಮಿಲಿಮೀಟರ್ ಜಾಗ ಬದಲಿಸಿದರೆ ಫೋರ್ಕ್ ಗೇರನ್ನು ಪೂರ್ತಿ ಒಳಕ್ಕೆ ತಳ್ಳಲಾರದು. ಎರಡೇ ಬೋಲ್ಟುಗಳಲ್ಲಿ ಮುಚ್ಚಳವನ್ನು ನಿಲ್ಲಿಸಿ, ಹಲ್ಲುಗಳಿಗೆ ನೀಲಿ ಬಣ್ಣ ಬಳಿದು, ಕೈಯಿಂದ ತಿರುಗಿಸಿ ನೋಡಿದೆ. ಎರಡನೆಯ ಗೇರಿನಲ್ಲಿ ಬಣ್ಣ ಅಳಿಸಿದ್ದು ಹಲ್ಲಿನ ಅರ್ಧ ಅಗಲದಲ್ಲಿ ಮಾತ್ರ. ಅಂದರೆ ಭಾರವನ್ನೆಲ್ಲ ಅರ್ಧ ಹಲ್ಲು ಹೊರಬೇಕು. ಈ ಲಾರಿಯ ಬ್ರೇಕುಗಳು ಸರಳಿನಿಂದ ಎಳೆಯುವಂಥವು, ಎಣ್ಣೆಯ ಒತ್ತಡದವಲ್ಲ. ಹೇರು ತುಂಬಿಕೊಂಡು ಇಳಿಜಾರಿನಲ್ಲಿ ಬರುವಾಗ ಚಾಲಕ ಬ್ರೇಕನ್ನು ನಂಬುವುದಕ್ಕಿಂತ ಕೆಳಗಿನ ಗೇರಿನ ಹಿಡಿತವನ್ನು ನಂಬಿರುತ್ತಾನೆ. ಅಲ್ಲಿ ಗೇರು ಜಿಗಿದು ಹೊರಬಂದರೆ ಏನಾಗುತ್ತದೆಂದು ವಾಹನದ ಕೆಲಸ ಮಾಡುವ ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ. ಗೇರುಗಳ ವೇಗವನ್ನು ತಾನೇ ಹೊಂದಿಸಿಕೊಡುವ ಸಿಂಕ್ರೊಮೆಷ್ ಕೂಡ ಈ ಗೇರುಗಳಿಗೆ ಇಲ್ಲ. ಒಮ್ಮೆ ತಪ್ಪಿದರೆ ವೇಗ ಏರುತ್ತಿರುವಾಗ ಮತ್ತೆ ಕೂರಿಸುವುದು ಬಹಳ ಕಷ್ಟ.

ನನ್ನ ಬೇಡಿಕೆಗಳು ಸ್ಪಷ್ಟವಾಗಿವೆ. ಎಲ್ಲಕ್ಕಿಂತ ಮೊದಲು ನನ್ನ ಮೂಲ ಮುಚ್ಚಳವನ್ನು ಹುಡುಕಿ. ಗುಜರಿಗೆ "ಹೋಗಿರಬೇಕು" ಎಂದರೆ ಹೋಗಿದೆಯೋ ಇಲ್ಲವೋ ಯಾರೂ ನೋಡಿಲ್ಲ ಎಂದರ್ಥ. ನಿಮ್ಮ ಅಚ್ಚಿನ ಮನೆ, ಲೇತಿನ ಪಕ್ಕದ ರಾಶಿ, ಕುಲುಮೆಗೆ ಹಾಕಲು ಕೂಡಿಟ್ಟ ಒಡಕು ಕಬ್ಬಿಣ ಎಲ್ಲವನ್ನೂ ಒಬ್ಬ ಜವಾಬ್ದಾರಿ ವ್ಯಕ್ತಿ ನಿಂತು ನೋಡಲಿ. ಅಲ್ಲಿಯವರೆಗೆ ಆ ರಾಶಿಯಿಂದ ಒಂದು ತುಂಡನ್ನೂ ಕರಗಿಸಬೇಡಿ. ಗುಜರಿಯವರು ಒಯ್ದಿದ್ದರೆ ಯಾರು, ಯಾವ ದಿನ ಒಯ್ದರು ಎಂದು ತಿಳಿಸಿ, ನಾನೇ ಹೋಗಿ ಹುಡುಕುತ್ತೇನೆ. ಅದು ಕರಗಿಯೇ ಹೋಗಿದ್ದರೆ ಅದನ್ನೂ ಮುಚ್ಚಿಡದೆ ಲಿಖಿತವಾಗಿ ತಿಳಿಸಿ, ಜೊತೆಗೆ ಕೆಲಸಕ್ಕೆ ಮೊದಲು ನೀವು ತೆಗೆದ ಚಿತ್ರ, ಅಳತೆ, ಸ್ಕ್ಯಾನ್ ಏನಿದೆಯೋ ಎಲ್ಲವನ್ನೂ ಕೊಡಿ. ನನ್ನ ಪೆನ್ಸಿಲ್ ಗೆರೆ ತಳದ ಆಕಾರವನ್ನಷ್ಟೇ ಹೇಳುತ್ತದೆ, ಸರಳುಗಳ ಎತ್ತರವನ್ನು ಹೇಳುವುದಿಲ್ಲ.

ಹೊಸ ಮುಚ್ಚಳಕ್ಕೆ ಪಡೆದ ಹಣವನ್ನು ಪೂರ್ತಿಯಾಗಿ ಮರಳಿಸಬೇಕು. ಮತ್ತೊಮ್ಮೆ ಮಾಡಿಕೊಡುತ್ತೇವೆ ಎನ್ನುವುದಾದರೆ, ಕುಗ್ಗುವ ಲೆಕ್ಕ ಸೇರಿಸಿ ಸರಿಯಾದ ಪ್ಯಾಟರ್ನ್ ಮಾಡಿ, ಅದರ ಅಳತೆಗಳನ್ನು ಎರಕಕ್ಕೆ ಮೊದಲು ನನಗೆ ತೋರಿಸಿದರೆ ಮಾತ್ರ ಒಪ್ಪುತ್ತೇನೆ. ನೀವು ಹೊಯ್ದ ಮುಚ್ಚಳವನ್ನು ಸದ್ಯ ಹಿಂದಿರುಗಿಸುವುದಿಲ್ಲ. ಮೂಲ ಕಳೆದುಹೋಗಿದ್ದರೆ, ಕುಗ್ಗಿದ್ದನ್ನು ಲೆಕ್ಕ ಹಾಕಿ ಹಳೆಯ ಅಳತೆಗೆ ಹಿಂದಿರುಗಲು ನನಗಿರುವ ದಾರಿ ಅದೊಂದೇ. ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.

ಹುಡುಕುವವರಿಗೆ ಗುರುತು ಹೇಳುತ್ತೇನೆ. ತಗಡಿನ ಚೀಟಿ ಕಳಚಿ ಬಿದ್ದಿದ್ದರೂ ಎಡಮೂಲೆಯ ಮೂರು ವೆಲ್ಡಿಂಗ್ ಗಂಟುಗಳು ಇದ್ದೇ ಇರುತ್ತವೆ, ಒಳಮೈಯಲ್ಲಿ ಹಳೆಯ ಗ್ರೀಸ್ ಕಪ್ಪಗೆ ಗಟ್ಟಿಕಟ್ಟಿದೆ. ಸಿಕ್ಕಿದರೆ ತೊಳೆಯಬೇಡಿ, ಉಜ್ಜಬೇಡಿ, ಬಿರುಕನ್ನು ಬೆಸೆಯಲು ಹೋಗಬೇಡಿ. ಇದ್ದಂತೆಯೇ ಬಟ್ಟೆಯಲ್ಲಿ ಸುತ್ತಿ ಕಳುಹಿಸಿ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ರಸೀದಿಯ ಪ್ರತಿ, ಚಿತ್ರಗಳು