ನಡ್ಕೊಳ್ಳೋದು ಅಂದ್ರೆ ಬರೀ ಅಡ್ಡಬೀಳೋದಾ?

ಸಂಪಾದಕರಿಗೆ ನಮಸ್ಕಾರ.

ಗದ್ದುಗೆ, ದರ್ಗಾ, ಮೊಹರಂನಲ್ಲಿ ಕೂರಿಸುವ ಲೋಹದ ಕೈಯಾಕಾರದ ಪಂಜಾ ಇವಕ್ಕೆಲ್ಲ ಅಡ್ಡಬೀಳೋದು ಬರೀ ಕಲ್ಲು, ತಗಡಿನ ಪೂಜೆ ಅಂತ ಮೊನ್ನೆ ಚಹಾದಂಗಡಿಯಲ್ಲಿ ಒಬ್ಬರು ಜೋರಾಗಿ ವಾದ ಮಾಡುತ್ತಿದ್ದರು. ನಾನು ಸುಮ್ನೆ ಕೂತಿದ್ದೆ. ಉತ್ತರ ಹೊಳೆದದ್ದು ಮನೆಗೆ ಬಂದ ಮೇಲೆ, ಅದಕ್ಕೇ ಈ ಪತ್ರ.

ನಮ್ಮ ಕೊಪ್ಪಳದ ಕಡೆ ಜನ ಎಲ್ಲದಕ್ಕೂ ಪೂಜೆ ಅನ್ನುವುದಿಲ್ಲ. ಹುಲಿಗೆಮ್ಮನಿಗೆ 'ನಡ್ಕೊಳ್ತೀವಿ' ಅನ್ನುತ್ತಾರೆ. ಮೊಹರಂ ಬಂದರೆ ಅಲಾಯಿ ದೇವರ, ಅಂದರೆ ಆ ಪಂಜಾಗಳ ಮುಂದೆ ಸಕ್ಕರೆ 'ಓದಿಸಿಕೊಂಡು' ಬರುತ್ತಾರೆ. ನಮ್ಮವ್ವ ಲಿಂಗಪೂಜೆ ಆಗದೆ ನೀರು ಕೂಡ ಕುಡಿಯದವಳು, ಆದರೆ ಮೊಹರಂನ ಖತಲ್ ರಾತ್ರಿ ಪಂಜಾದ ಮುಂದೆ ತಲೆ ತುಂಬ ಸೆರಗು ಹೊದ್ದು ನಿಲ್ಲುತ್ತಿದ್ದಳು. ಯಾಕವ್ವಾ ಅಂದರೆ, 'ದೇವರು ಮನ್ಯಾಗ ಅದಾನ, ಇವರು ದೊಡ್ಡವರು, ಸತ್ಯಕ್ಕ ಜೀವ ಕೊಟ್ಟವರು' ಅನ್ನುತ್ತಿದ್ದಳು. ಮೊಹರಂನಲ್ಲಿ ನೆನೆಯುವ, ಪೈಗಂಬರರ ಮೊಮ್ಮಗ ಹುಸೇನರು ಕರ್ಬಲಾದಲ್ಲಿ ಮಡಿದದ್ದು ಕ್ರಿ.ಶ. 680ರಲ್ಲಿ ಅಂತ ಅವಳಿಗೆ ಗೊತ್ತಿರಲಿಲ್ಲ. ಕಥೆ ಮಾತ್ರ ಮೊಹರಂನಲ್ಲಿ ಹಾಡುವ ರಿವಾಯತ್ ಪದ ಕೇಳಿ ಕೇಳಿ ಬಾಯಿಪಾಠ ಆಗಿತ್ತು.

ಅವ್ವ ಒಂದೇ ಮಾತಲ್ಲಿ ಹೇಳಿದ್ದನ್ನು ತೀರ್ಮಾನಿಸಲು ಕ್ರೈಸ್ತ ಗುರುಗಳು 787ರಲ್ಲಿ ನಿಕೇಯಾದಲ್ಲಿ ದೊಡ್ಡ ಸಭೆ ಸೇರಬೇಕಾಯಿತು. ಸಂತರ ಪಟಕ್ಕೆ ಮುತ್ತಿಡಿ, ದೀಪ ಹಚ್ಚಿ, ಆ ಗೌರವ ಪಟದಲ್ಲಿ ಇರುವವರಿಗೆ ಸೇರುತ್ತದೆ, ಆರಾಧನೆ ಮಾತ್ರ ದೇವರಿಗೇ ಅಂದರು. ದರ್ಗಾಕ್ಕೆ ಹೋಗೋದು ಸರಿಯೋ ತಪ್ಪೋ ಅನ್ನುವ ಜಗಳ ಮುಸ್ಲಿಮರೊಳಗೂ ಇದೆ, ಅದರಲ್ಲಿ ನಾನು ತಲೆ ಹಾಕುವುದಿಲ್ಲ.

ಆದರೆ ನನಗೆ ಜಾಸ್ತಿ ಹಿಡಿಸುವುದು ಈ 'ನಡ್ಕೊಳ್ಳೋದು' ಅನ್ನುವ ಮಾತು, ಯಾಕಂದರೆ ಅದರಲ್ಲಿ ನಡತೆಯೂ ಇದೆ. ನಮ್ಮ ಗವಿಮಠದ ಬೆಟ್ಟದಲ್ಲೇ ಅಶೋಕನ ಶಾಸನ ಇದೆ ಅಲ್ವಾ? ಅದೇ ಅಶೋಕ ಬುದ್ಧ ಹುಟ್ಟಿದ ಲುಂಬಿನಿಗೆ ತಾನೇ ಹೋಗಿ, ಗೌರವ ಸಲ್ಲಿಸಿ, ಕಂಬ ನಿಲ್ಲಿಸಿದ. ಅಷ್ಟಕ್ಕೇ ಬಿಡಲಿಲ್ಲ, ಆ ಊರಿನ ಒಂದು ತೆರಿಗೆ ತೆಗೆದುಹಾಕಿ, ಬೆಳೆಯ ಪಾಲನ್ನು ಎಂಟರಲ್ಲಿ ಒಂದಕ್ಕೆ ಇಳಿಸಿದ ಅಂತ ಆ ಕಂಬದ ಮೇಲೇ ಬರೆದಿದೆ.

ಗವಿಸಿದ್ಧೇಶ್ವರ ಜಾತ್ರೆ ಹತ್ತಿರ ಬಂದರೆ ನಮ್ಮ ಓಣಿಯಲ್ಲಿ ಬೆಳಗ್ಗೆಯಿಂದ ರೊಟ್ಟಿ ಬಡಿಯುವ ಸಪ್ಪಳ. ನನ್ನ ಹೆಂಡತಿ, ಪಕ್ಕದ ಮನೆಯ ಚಾಚಿ ಇಬ್ಬರೂ ಬೆರಳ ತುದಿ ಸುಟ್ಟುಕೊಂಡು ಬಡಿದು, ಕಟಕ್ ಆಗೋವರೆಗೆ ಒಣಗಿಸಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ದಾಸೋಹಕ್ಕೆ ಕಳಿಸುತ್ತಾರೆ. ಅವರಿಬ್ಬರೂ ಗದ್ದುಗೆವರೆಗೆ ಹೋಗದ ವರ್ಷವೂ ಉಂಟು, ಗದ್ದಲ ಅಂತ. ರೊಟ್ಟಿ ಮಾತ್ರ ತಪ್ಪಿಲ್ಲ.

ಹೋದ ಜಾತ್ರೆಯಲ್ಲಿ ಊಟಕ್ಕೆ ಕೂತಾಗ ಪಕ್ಕದಲ್ಲಿ ಒಬ್ಬ ಹುಡುಗ. ಈಗಷ್ಟೇ ದೀರ್ಘದಂಡ ಹಾಕಿ ಬಂದವನು, ಹಣೆ ತುಂಬ ವಿಭೂತಿ, ಅಂಗಿಗೆಲ್ಲ ಮಣ್ಣು. ಎರಡು ರೊಟ್ಟಿ ಮುರಿದು, ತುಣುಕು ತಿಂದು, ಮಾದಲಿ ಮೇಲೆ ಕೈ ತೊಳೆದು ಎದ್ದೇಬಿಟ್ಟ. 'ಯಾಕ ತಮ್ಮಾ, ಉಣ್ಣದಿದ್ರ ಯಾಕ ಹಾಕಿಸ್ಕೊಂಡಿ?' ಅಂದೆ. 'ಇಲ್ಲಿ ಪುಗಸಟ್ಟೆ ಐತಲ್ರೀ ಅಣ್ಣಾ' ಅಂದ, ನಗುತ್ತಲೇ.

ಚಹಾದಂಗಡಿಯವರು ಇವನನ್ನು ಹಿಡಿದು ವಾದ ಮಾಡಿದ್ದರೆ ನಾನೂ ಎದ್ದು ಅವರ ಪಕ್ಕ ನಿಲ್ಲುತ್ತಿದ್ದೆ.

– ಒಬ್ಬ ಓದುಗ, ಕೊಪ್ಪಳ